ಖಾಲಿ ಡಬ್ಬಿ

ನಂಗಲಿಯ ಲಾರಿ ಡ್ರೈವರ್ ಆವಲಪ್ಪ ಸೈಕಲ್ಲನ್ನು ಎತ್ತಿ ಲಾರಿಗೆ ಹಾಕಲು ಹೊರಟಾಗ, ಅದೇ ಊರಿನಿಂದ ಸೈಕಲ್ಲಲ್ಲಿ ದೇಶ ಸುತ್ತಲು ಹೊರಟಿದ್ದ ಮುನಿಲಕ್ಷ್ಮಿ ಒಲೆ ಬಿಟ್ಟೆದ್ದು ಹ್ಯಾಂಡಲ್ ಹಿಡಿದಳು. ರಾಜಸ್ಥಾನದ ಮರಳುಗಾಡಿನ ಚಳಿಗೆ ಕಬ್ಬಿಣ ಕೈ ಕೊರೆಯುತ್ತಿತ್ತು. ಅವಳು ಬಿಡಲಿಲ್ಲ.

“ನಿಮ್ಮಣ್ಣ ಫೋನ್ ಮಾಡಿದ್ದ ಕಣಮ್ಮ. ಟೊಮೆಟೊ ಇಳಿಸಿ ಹೆಂಗೂ ಖಾಲಿ ಬರ್ತೀಯ, ಅವಳನ್ನ ಸೈಕಲ್ ಸಮೇತ ಹಾಕ್ಕೊಂಡು ಬಾ ಅಂದ. ಹೆಣ್ಮಗಳು ಒಬ್ಬಳೇ ಈ ಚಳೀಲಿ ಟೆಂಟಲ್ಲಿ ಮಲಗೋದು ಅಂದ್ರೆ...”

“ಮೊದ್ಲು ಊಟ ಮಾಡಣ್ಣ.” ಬಿಸಿ ಮುದ್ದೆಯ ಪಕ್ಕ, ಅಮ್ಮ ಕೊಟ್ಟ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಉಪ್ಪಿನಕಾಯಿ ಹೋಳನ್ನೂ ಅವನಿಗೇ ಬಡಿಸಿದಳು.

ಅವನು ಉಂಡು ಕೈ ತೊಳೆಯುವಷ್ಟರಲ್ಲಿ ಟೆಂಟು ಕ್ಯಾರಿಯರ್ ಮೇಲೆ ಬಿಗಿದಾಗಿತ್ತು. ಪೆಡಲ್ ಮೇಲೆ ಕಾಲಿಟ್ಟು, ಖಾಲಿ ಡಬ್ಬಿಯನ್ನು ಅವನ ಕೈಗಿತ್ತಳು.

“ಊರಿಗೆ ಇದೊಂದೇ ವಾಪಸ್ ಬರೋದು ಅಂತ ನಮ್ಮಣ್ಣನಿಗೆ ಹೇಳು. ಮುಂದಿನ ಲೋಡಲ್ಲಿ ತುಂಬಿಸಿ ಕಳಿಸ್ಲಿ. ಜೈಸಲ್ಮೇರಲ್ಲಿ ಇಸ್ಕೊತೀನಿ.”