ಟವೆಲಿನ ಕೆಳಗಿನ ಮಾತು

"ಇನ್ನೂ ಎರಡ ವರ್ಷ ಈ ಬೋಜಾ ಹೊರಬೇಕೇನ್ರಿ ನಾವು?" ಎಂದು ಸಿದ್ದೇಶ್ವರ ಕೇಳಿದ್ದು ಪ್ರಣಿತಾಳ ಎದುರಿಗೇ. ಬೋಜಾ ಎಂದರೆ ಅವಳೇ. ಬಾಸ್ಕೆಟ್‌ಬಾಲ್ ಅಂಕಣದ ಮೆಟ್ಟಿಲ ಮೇಲೆ, ಮೊಣಕಾಲಿಗೆ ಬೆಲ್ಟು ಬಿಗಿದುಕೊಂಡು, ಕಾಲು ಚಾಚಿ ಕೂತಿದ್ದಳು. ಅವಳಿಂದ ಮೂರು ಮೊಳ ದೂರದಲ್ಲಿ ಸಿದ್ದೇಶ್ವರನೂ ಸೇರಿ ಹನ್ನೆರಡು ಮಂದಿ ಅಭಿಮಾನಿಗಳು ಅವಳನ್ನು ಏನು ಮಾಡಬೇಕೆಂದು ಬೆಳಗಿನಿಂದ ಗಂಟಲು ಹರಿದುಕೊಳ್ಳುತ್ತಿದ್ದರು.

ಸೊಲ್ಲಾಪುರದ ಈ ಮಹಿಳಾ ತಂಡ ನಡೆಯುವುದೇ ಅಭಿಮಾನಿಗಳ ವಂತಿಗೆಯಿಂದ. ಪೇಟೆಯ ವ್ಯಾಪಾರಿಗಳು ಸೇರಿ ಕಟ್ಟಿದ ಮಂಡಳಿ. ಅಧ್ಯಕ್ಷರು ಟವೆಲು ವ್ಯಾಪಾರಿ ಶಿವಶರಣಪ್ಪ. ಹೋದ ವರ್ಷ ಬೋರಾಮಣಿಯ ಈ ಹುಡುಗಿಯ ಜೊತೆ ಮೂರು ವರ್ಷದ ಕರಾರು ಮಾಡಿಕೊಂಡಾಗ ಇದೇ ಜನ ಹಲಗೆ ಬಾರಿಸಿ ಕುಣಿದಿದ್ದರು. ಅವಳು ತಂಡವನ್ನು ಫೈನಲ್ಲಿಗೆ ಒಯ್ದಳು. ಅಲ್ಲಿ ಇವರ ಸಲುವಾಗಿಯೇ ಹಾರಿ, ಇವರ ಸಲುವಾಗಿಯೇ ಬಿದ್ದು, ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಳು. ಕರಾರಿನ ಪ್ರಕಾರ ಆಪರೇಶನ್ನಿನ ಖರ್ಚು ತಂಡದ್ದು. ಅದು ಬರುವ ಸೋಮವಾರ. ಆದರೆ ಆಟಗಾರರ ಅದಲುಬದಲಿಗೆ ಇವತ್ತೇ ಕಡೆಯ ದಿನ. ಹೆಸರು ಬೇರೆ ತಂಡಕ್ಕೆ ಹೋಯಿತೆಂದರೆ ಕರಾರೂ ಹೋಯಿತು, ಸೋಮವಾರವೂ ಹೋಯಿತು. ಆಪರೇಶನ್ ಆಗದಿದ್ದರೆ ಅವಳು ಮತ್ತೆ ಓಡಲಾರಳು ಎಂದು ಡಾಕ್ಟರು ಹೇಳಿದ್ದು ಮಂಡಳಿಗೆಲ್ಲ ಗೊತ್ತಿತ್ತು.

"ಅಕ್ಕಲಕೋಟದವ್ರಿಗೆ ಕೊಟ್ಟು ಆ ಮನೀಷಾನ್ನ ತಗೊಂಬರ್ರಿ," ಎಂದ ಸಿದ್ದೇಶ್ವರ. "ಆಕಿ ನಿಂತಲ್ಲಿಂದ ಬುಟ್ಟಿಗೆ ಹಾಕ್ತಾಳ. ಈಕಿ ಫುಕಟ ಕುಂತು ತಿನ್ನಾಕತ್ತಾಳ."

"ಹದಿನೆಂಟ ಮ್ಯಾಚ್ ಆಡೀನಿ," ಎಂದಳು ಪ್ರಣಿತಾ. "ಒಂದರಾಗೂ ಹೊರಗ ಕುಂತಿಲ್ಲ. ಸೋಮವಾರದ ತನಕ ತಡೀರಿ. ಆಮ್ಯಾಲ ಎಲ್ಲಿಗೆ ಬೇಕಾದ್ರೂ ಕಳಸ್ರಿ."

ಯಾರೂ ಕೇಳಿಸಿಕೊಳ್ಳಲಿಲ್ಲ. ಒಬ್ಬ ನಾಗಣಸೂರದ ಎಡಗೈ ಹುಡುಗಿ ಬೇಕೆಂದ. ಇನ್ನೊಬ್ಬ ಮನೀಷಾಳ ಕರಾರು ಒಂದೇ ವರ್ಷದ್ದು, ಅದೇ ಲಾಭ ಎಂದ. ಜೀವನದಲ್ಲಿ ಒಮ್ಮೆಯೂ ಚೆಂಡು ಮುಟ್ಟದವರೆಲ್ಲ ತಂಡ ಕಟ್ಟುತ್ತಿದ್ದರು.

"ಆಟದಾಗ ಭಾವನಾ ನಡಿಯಂಗಿಲ್ಲ ಯವ್ವಾ," ಎಂದರು ಶಿವಶರಣಪ್ಪ, ಬಹಳ ತಿಳಿದವರಂತೆ. "ಅಮೇರಿಕಾದಾಗೂ ಹಿಂಗ ಮಾಡ್ತಾರ. ದೊಡ್ಡ ದೊಡ್ಡ ಆಟಗಾರ್ರನ್ನ ಒಂದ ಫೋನಿನ ಮ್ಯಾಲ ಕೊಟ್ಟ ಬಿಡ್ತಾರ. ಮೊಬೈಲದಾಗ ನೋಡಿಲ್ಲೇನು?"

ಅಷ್ಟರಲ್ಲಿ ಅಕ್ಕಲಕೋಟ ತಂಡದ ಅಣ್ಣಾರಾಯ ಬಂದ. ಕಾಳಿನ ವ್ಯಾಪಾರ, ಜೊತೆಗೆ ಎತ್ತಿನ ದಲಾಲಿ. ಬಂದವನು ಪ್ರಣಿತಾಳ ಮುಖ ನೋಡಲಿಲ್ಲ, ಕಾಲು ನೋಡಿದ.

"ಆ ಬೆಲ್ಟ ತಗದು ಒಂದ ಸುತ್ತ ನಡದು ತೋರಸವಾ," ಎಂದರು ಶಿವಶರಣಪ್ಪ.

"ಬೆಲ್ಟ ತಗದ್ರ ನಡಿಯಾಕ ಬರಂಗಿಲ್ರಿ. ನಿಮಗ ಗೊತ್ತೈತಿ."

ಶಿವಶರಣಪ್ಪನವರ ಮುಖ ಕೆಂಪಾಯಿತು. ಬರೀ ಉಳುಕು ಎಂದು ಅಣ್ಣಾರಾಯನಿಗೆ ಫೋನಿನಲ್ಲಿ ಹೇಳಿಟ್ಟಿದ್ದರು. ಅಣ್ಣಾರಾಯ ನಕ್ಕ. "ಇರಲಿ ಬಿಡ್ರಿ. ಪೋರಿ ಎತ್ತರ ಐತಿ, ಬುಟ್ಟಿ ಕೆಳಗ ನಿಂತ್ರೂ ಸಾಕ. ಆದ್ರ ಆಪರೇಶನ್ ನನ್ನ ಕೊರಳಿಗೆ ಬ್ಯಾಡ. ಮನೀಷಾನ್ನ ಕೊಡ್ತೀನಿ, ಮ್ಯಾಲ ರೊಕ್ಕ ಎಷ್ಟ ಕೊಡ್ತೀರಿ ಹೇಳ್ರಿ."

ಗೇಟಿನ ಹತ್ತಿರ ಬೇರೆ ತಂಡದವರು ನಿಂತಿದ್ದರು. ಬಾಯಿಬಿಟ್ಟು ಹೇಳಿದರೆ ಅವರ ಕಿವಿಗೆ ಬೀಳುತ್ತದೆ. ಶಿವಶರಣಪ್ಪ ಹೆಗಲ ಮೇಲಿನ ಟವೆಲು ತೆಗೆದು ತಮ್ಮ ಕೈ ಮೇಲೆ ಹರವಿದರು. ಅಣ್ಣಾರಾಯ ಅದರ ಕೆಳಗೆ ಕೈ ತೂರಿಸಿದ. ದನದ ಬಜಾರಿನಲ್ಲಿ ಬೆಲೆ ಮಾತಾಡುವುದು ಹೀಗೆ. ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ, ಹಿಡಿದ ಬೆರಳಿನ ಲೆಕ್ಕದಲ್ಲಿ ಬೆಲೆ. ಸುತ್ತಲಿನವರಿಗೆ ಬಟ್ಟೆ ಅಲ್ಲಾಡುವುದಷ್ಟೇ ಕಾಣುತ್ತದೆ. ಹುಡುಗಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು ಮಾಡುವ ಕೆಲಸ ಇದಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅಷ್ಟು ರೂಢಿಯಾಗಿತ್ತು. ಅಭಿಮಾನಿಗಳು ಟವೆಲನ್ನೇ ನೋಡತೊಡಗಿದರು.

ಪ್ರಣಿತಾ ಅಪ್ಪ ಸಾತಲಿಂಗಪ್ಪನ ಜೊತೆ ಎಷ್ಟೋ ಸಲ ಎತ್ತಿನ ಬಜಾರಿಗೆ ಹೋದವಳು. ಎತ್ತು ಪಾಪ ಮೆಲುಕು ಹಾಕುತ್ತ ನಿಂತಿರುವಾಗ ಪಕ್ಕದಲ್ಲೇ ಹೀಗೆ ಬಟ್ಟೆ ಅಲ್ಲಾಡುವುದನ್ನು ನೋಡಿದ್ದಳು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಂಬಿ ಹಿಡಿದು ಎದ್ದಳು, ಕುಂಟುತ್ತ ಬಂದಳು, ಟವೆಲಿನ ಕೆಳಗೆ ಕೈ ಹಾಕಿ ಇಬ್ಬರ ಬೆರಳುಗಳನ್ನೂ ಹಿಡಿದುಬಿಟ್ಟಳು.

ಇಬ್ಬರೂ ಕೆಂಡ ಮುಟ್ಟಿದವರಂತೆ ಕೈ ಕಿತ್ತುಕೊಂಡರು. ಅಣ್ಣಾರಾಯ ಎರಡು ಹೆಜ್ಜೆ ಹಿಂದೆ ಸರಿದು ಕೈಯನ್ನು ಅಂಗಿಗೆ ಒರೆಸಿಕೊಂಡ.

"ಏನ ಮಾಡಾಕತ್ತೀಯವಾ?" ಎಂದರು ಶಿವಶರಣಪ್ಪ, ಸುತ್ತಲೂ ನೋಡುತ್ತ. "ಹೆಣ್ಣಮಗಳು ನೀ. ಮಂದಿ ಮುಂದ ಗಂಡಸರ ಕೈ ಹಿಡೀತಾರೇನು? ಜರಾ ಲಾಜ, ನಾಚಿಕಿ ಇರಲಿ."

ಟವೆಲು ಪ್ರಣಿತಾಳ ಕೈ ಮೇಲೆಯೇ ಉಳಿದಿತ್ತು. ಅವಳು ಕೈ ಇಳಿಸಲಿಲ್ಲ.

"ಹಿಡೀರಿ," ಎಂದಳು. "ಸೋಮವಾರ ಆಪರೇಶನ್ ಆಗೂತನಕ ನಾ ಎಲ್ಲೂ ಹೋಗಂಗಿಲ್ಲ ಅಂತ ಹೇಳೂದೈತಿ. ಬಾಯಿಲೆ ಹೇಳಿದ್ದು ನಿಮಗ ತಿಳಿಯಂಗಿಲ್ಲ."

ಇಬ್ಬರೂ ಹಿಡಿಯಲಿಲ್ಲ. ಅವಳು ಟವೆಲು ಹೊದ್ದ ಅದೇ ಕೈಯನ್ನು ಚಾಚಿ ಮೆಟ್ಟಿಲ ಕಡೆಗೆ ತಿರುಗಿದಳು. ಹನ್ನೆರಡು ಮಂದಿ ಅಭಿಮಾನಿಗಳು, ಒಬ್ಬೊಬ್ಬರಾಗಿ, ತಮ್ಮ ಕೈಗಳನ್ನು ಜೇಬಿಗೆ ಹಾಕಿಕೊಂಡರು.