ಬಾಯಿ ತೊಳೆದ ಗಿಣಿ

ಕೆಂಪು ಗಿಣಿ ಮೊದಲ ಸಲ ಬಾಯಿ ಬಿಟ್ಟಾಗ ಹೊರಬಂದದ್ದು ಮಾತಲ್ಲ, ಮಷೀನು. ಧಡ್, ಸ್ಸ್. ಧಡ್, ಸ್ಸ್. ತಗಡು ಒತ್ತುವ ಪ್ರೆಸ್ಸು ಎದ್ದು ಬಿದ್ದ ಹಾಗೆ. ಆಮೇಲೆ ಒಬ್ಬ ಗಂಡಸಿನ ದನಿ: "ಏ, ಬಂದ್ ಮಾಡ್ರೋ... ಬಂದ್ ಮಾಡ್ರೋ..." ಒಂದಿಷ್ಟು ತಡೆದು, ಉಸಿರಿನಷ್ಟು ಸಣ್ಣಗೆ, "ಭಾಗ್ಯಾಗ ಹೇಳಬ್ಯಾಡ್ರಿ."

ಪಕ್ಕದ ಪಂಜರದ ತಟ್ಟೆ ಉಜ್ಜುತ್ತಿದ್ದ ಭಾಗ್ಯಶ್ರೀ ಕೂತಲ್ಲೇ ಕಲ್ಲಾದಳು.

ಮುರಳಿ ಮಾತ್ರ ಹಿಗ್ಗಿ ಹೀರೇಕಾಯಿಯಾದ. ಮಾಕಳಿಯಲ್ಲಿ ಅಜ್ಜನ ರಾಗಿಹೊಲ ಗೋಡೌನಾದ ಮೇಲೆ ಉಳಿದ ತುಂಡಿನಲ್ಲಿ ಅವನು ಹಕ್ಕಿಮನೆ ಕಟ್ಟಿದ್ದ. ಅಲ್ಲಿ ಮಿಮಿಕ್ರಿಗೇನೂ ಬರವಿರಲಿಲ್ಲ. ಒಂದು ಗಿಣಿ ರಿವರ್ಸ್ ಬರುವ ಲಾರಿ, ಇನ್ನೊಂದು ಕುಕ್ಕರ್, ಮತ್ತೊಂದು "ಸಾರ್, ಲೊಕೇಶನ್ ಹಾಕಿ" ಅನ್ನುವ ಡೆಲಿವರಿಯವನು. ಆದರೆ ಎಲ್ಲವೂ ಆಫ್ರಿಕನ್ ಗ್ರೇ ಜಾತಿಯ ಬೂದಿ ಬಣ್ಣದ ಗಿಣಿಗಳು. ಬಾಲದಲ್ಲಷ್ಟೇ ಇರಬೇಕಾದ ಕೆಂಪು, ಕೊಕ್ಕಿನ ಬುಡದವರೆಗೂ ಹತ್ತಿದ ಗ್ರೇಯನ್ನು ಅವನು ಇಷ್ಟು ವರ್ಷ ಕನಸಿನಲ್ಲಿ ಮಾತ್ರ ಸಾಕಿದ್ದ. ಅಂಥದ್ದೊಂದು ಹೋದ ವಾರ ಪೀಣ್ಯದ ಪ್ರೆಸ್ ಯೂನಿಟ್ಟಿನ ಓನರ್ ನರೇಶ್ ಅವರ ಕ್ಯಾಬಿನ್ನಿನಿಂದ ಬಂದಿತ್ತು. "ಮೂಕ ಕಣ್ರೀ, ತಗೊಂಡೋಗಿ" ಎಂದು ಅವರೇ ಕರೆದು ಕೊಟ್ಟಿದ್ದರು. ಮೂಕ ಮಾತಾಡಿದ್ದೇ ತಡ, ಮುರಳಿ "ನನ್ನ ಕನಸು ಮಾತಾಡ್ತು" ಎಂದು ವಾಟ್ಸಾಪ್ ಸ್ಟೇಟಸ್ ಹಾಕಿಬಿಟ್ಟ.

"ಅಣ್ಣಾರ, ಇದು ನಮ್ಮ ಮನ್ಯಾರ ದನಿ," ಎಂದಳು ಭಾಗ್ಯಶ್ರೀ.

"ಯಾವ್ದೋ ಸೀರಿಯಲ್ ಕೇಳಿ ಕಲ್ತಿರುತ್ತೆ ಕಣಮ್ಮ. ಭಾಗ್ಯ ಅನ್ನೋರು ಬೀದಿಗೊಬ್ರು ಇದಾರೆ."

"ನನ್ನ ಗಂಡನ ದನಿ ನಂಗ ಗೊತ್ತಾಗಂಗಿಲ್ಲೇನ್ರಿ?"

ಅವಳ ಗಂಡ ಬಸಲಿಂಗ ಯುಗಾದಿಗೆ ಮೊದಲು ಪೀಣ್ಯಕ್ಕೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಯಾವಳನ್ನೋ ಕಟ್ಟಿಕೊಂಡು ಗೋವಾಕ್ಕೆ ಓಡಿದ ಅಂದ, ಅವನನ್ನು ಕೆಲಸಕ್ಕೆ ಕಳಿಸಿದ್ದ ಕಂಟ್ರಾಕ್ಟರ್; ಯಾವ ಫ್ಯಾಕ್ಟರಿಗೆ ಅಂತ ಬಾಯಿ ಬಿಡಲಿಲ್ಲ. ಒಂದೊಂದೇ ಫ್ಯಾಕ್ಟರಿಯ ಗೇಟಿಗೆ ಹೋಗಿ ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: ಬಸಲಿಂಗ ಅನ್ನೋರು ಇಲ್ಲಿ ಯಾರೂ ಇರಲೇ ಇಲ್ಲ. ತಾನು ಬಿಟ್ಟು ಹೋದವನ ಹೆಂಡತಿಯೋ ಸತ್ತವನ ಹೆಂಡತಿಯೋ ತಿಳಿಯದೆ, ಊರಿಗೂ ಮುಖ ತೋರಿಸಲಾಗದೆ ಅವಳು ಹಕ್ಕಿಮನೆಯ ಕೆಲಸ ಹಿಡಿದು ಇಲ್ಲೇ ಉಳಿದಿದ್ದಳು.

"ಈ ಹಕ್ಕಿ ಯಾರ ಕಡಿಂದ ತಂದ್ರಿ?"

ಮುರಳಿ ಬಾಯಿ ತೆರೆಯುವಷ್ಟರಲ್ಲಿ ನರೇಶ್ ಫೋನ್ ಬಂತು. "ಮಾತಾಡ್ತಂತೆ? ಏನಂತು?"

"ಏನೋ ಸೌಂಡು ಸಾರ್, ಅಷ್ಟೇ."

"ಭಾನುವಾರ ಬರ್ತೀನಿ. ನಾನೇ ಕೇಳ್ಬೇಕು. ಆಮೇಲೆ ಅದನ್ನ ನಿಮ್ಮತ್ರ ಬಿಡೋದೋ ವಾಪಸ್ ತಗೊಳೋದೋ ನೋಡೋಣ."

ಮುರಳಿ ದಡ್ಡನಲ್ಲ. ನರೇಶ್‌ಗೆ ಏನು ಕೇಳಿಸಬಾರದು ಅನ್ನುವುದು ಅವನಿಗೆ ಹೊಳೆಯಿತು. ಕೇಳಿಸಿದರೆ ಕನಸಿನ ಹಕ್ಕಿ ಮತ್ತೆ ಕನಸಿಗೇ ಹಾರುತ್ತದೆ ಅನ್ನುವುದೂ ಹೊಳೆಯಿತು. ಅಂದೇ ಪಂಜರಕ್ಕೆ ಕಪ್ಪು ಬಟ್ಟೆ ಹೊದಿಸಿ, ಒಳಗೊಂದು ಸ್ಪೀಕರ್ ಇಟ್ಟು, ತನ್ನದೇ ದನಿಯಲ್ಲಿ "ನಮಸ್ಕಾರ ಸಾರ್, ಊಟ ಆಯ್ತಾ?" ಎಂದು ಬಿಟ್ಟೂಬಿಡದೆ ಹಾಕಿದ. ಕತ್ತಲಲ್ಲಿ ಬೇರೇನೂ ಕೇಳದ ಗಿಣಿ ಹೊಸದನ್ನು ಹಿಡಿಯುತ್ತದೆ, ಹಳೆಯದನ್ನು ಬಿಡುತ್ತದೆ. ಇದಕ್ಕೆ ಅವನು ಬಾಯಿ ತೊಳೆಯೋದು ಅನ್ನುತ್ತಿದ್ದ. ಬೈಗುಳ ಕಲಿತು ಬಂದ ಎಷ್ಟೋ ಗಿಣಿಗಳನ್ನು ಹೀಗೆ ಸಂಸಾರಸ್ಥರ ಮನೆಗೆ ಸಲ್ಲುವಂತೆ ಮಾಡಿದ್ದ.

"ಅದರ ಬಾಯಿ ತೊಳೀಬ್ಯಾಡ್ರಿ ಅಣ್ಣಾರ. ಅವರದು ಅಂತ ಉಳದದ್ದು ಅದೊಂದ."

"ಪೊಲೀಸ್ನೋರು ಗಿಣಿಶಾಸ್ತ್ರ ಕೇಳ್ತಾರಾ ಭಾಗ್ಯಮ್ಮ? ಸುಮ್ನೆ ಕೆಲ್ಸ ನೋಡು."

ಅವಳು ಕೆಲಸ ನೋಡಿದಳು. ಬಿಡುವಾದಾಗ ಹೋಗಿ ಬಟ್ಟೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಒಳಗೆ ಮುರಳಿಯ ದನಿಯೊಂದೇ, ಊಟ ಆಯ್ತಾ, ಊಟ ಆಯ್ತಾ. ವಿಚಿತ್ರವೆಂದರೆ ಮಿಕ್ಕ ಗಿಣಿಗಳೆಲ್ಲ ಬಾಯಿ ಮುಚ್ಚಿದವು. ಲಾರಿ ರಿವರ್ಸ್ ಬರಲಿಲ್ಲ, ಕುಕ್ಕರ್ ಕೂಗಲಿಲ್ಲ. ಕಾಳು ಹಾಕಿದರೂ ಇಳಿಯದೆ, ಎಲ್ಲವೂ ಕತ್ತು ಓರೆ ಮಾಡಿಕೊಂಡು ಆ ಕಪ್ಪು ಬಟ್ಟೆಯನ್ನೇ ನೋಡುತ್ತಿದ್ದವು.

ಭಾನುವಾರ ನರೇಶ್ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನೀರಿನ ಡ್ರಮ್ಮಿನ ಹತ್ತಿರ ತಟ್ಟೆ ತೊಳೆಯುತ್ತಿದ್ದ ಹೆಂಗಸು ಅವರ ಕಣ್ಣಿಗೆ ಬೀಳಲಿಲ್ಲ. ಮುರಳಿ ಬಟ್ಟೆ ಎತ್ತಿದ. ಗಿಣಿ ರೆಕ್ಕೆ ಬಿಚ್ಚಿ ಮಡಚಿತು, ಸುಮ್ಮನಾಯಿತು. ನರೇಶ್ ಅದರ ಕೊಕ್ಕನ್ನೇ ದಿಟ್ಟಿಸಿದರು. ಟೀ ಬಂತು, ಆರಿತು. ಗಿಣಿ ಉಸಿರೆತ್ತಲಿಲ್ಲ.

"ನಾನು ಹೇಳ್ಲಿಲ್ವಾ, ಮೂಕ ಅಂತ," ಎಂದು ಅವರು ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಕೊಟ್ಟು ಫೋನು ತೆಗೆದರು. ಯಾರಿಗೋ ಮೆಸೇಜು ಒತ್ತತೊಡಗಿದರು.

"ನಮಸ್ಕಾರ್ರಿ ಸರ. ಊಟ ಆತೇನ್ರಿ?"

ಗಿಣಿ ಕೊಕ್ಕು ತೆರೆದಿತ್ತು. ಮಾತು ಮುರಳಿಯದು, ದನಿ ಅವನದಲ್ಲ. ಆ ಎಳೆತ ಅವನು ಕಲಿಸಿದ್ದೂ ಅಲ್ಲ. ಪ್ರೆಸ್ಸಿನ ಸದ್ದಿಲ್ಲ, ನರಳಾಟವಿಲ್ಲ. ಕೈ ತೊಳೆದುಕೊಂಡು ಕ್ಯಾಬಿನ್ ಬಾಗಿಲಲ್ಲಿ ನಿಂತ ಒಬ್ಬ ಮನುಷ್ಯ ಎಂದಿನಂತೆ ಕೇಳಿದ ಹಾಗಿತ್ತು.

ನರೇಶ್ ಫೋನಿನಿಂದ ತಲೆಯೆತ್ತಲಿಲ್ಲ. "ಆಯ್ತು ಕಣೋ ಬಸಲಿಂಗ. ನೀನೂ ಹೋಗು, ಊಟ ಮಾಡು," ಅಂದರು.

ಭಾಗ್ಯಶ್ರೀ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನಡೆದು ಬಂದು, ಹಕ್ಕಿಮನೆಯ ಜಾಲರಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.