ಮೆಹಂದಿ ಹತ್ತಿದ ಕೈ

ಆಸಿಡ್ ಆಗಲೇ ಬಾಯ್ಲರಿನೊಳಗೆ ಇಳಿಯುತ್ತಿತ್ತು. ಪೂನಂಳ ಕಣ್ಣು ಮಾತ್ರ ಯುನೂಸ್ ಚಾಚಾನ ಕಿಸೆಗಳ ಮೇಲೆ ನೆಟ್ಟಿತ್ತು. ಅವನು ಎರಡೂ ಕೈಗಳನ್ನು ಅವುಗಳೊಳಗೆ ತುರುಕಿಕೊಂಡು ನಿಂತಿದ್ದ.

"ಚಾಚಾ, ಆಸಿಡ್‌ನ್ಯಾಗ ಮೆಹಂದಿ ಸಾರ ಕಲಸೀರೇನ್ರಿ?"

"ಕಲಸೇನ್ರಿ ಮೇಡಂ," ಎಂದ, ನೆಲ ನೋಡುತ್ತ.

ಅವಳಿಗೆ ನಂಬಿಕೆ ಬರಲಿಲ್ಲ. ಮೆಹಂದಿ ಎಲೆಯ ಆ ಗಟ್ಟಿ ಸಾರ ಬೆರೆತಿದ್ದರೆ ಆಸಿಡ್ ಕೊಳವೆಗಳಿಗೆ ಅಂಟಿದ ಸುಣ್ಣವನ್ನಷ್ಟೇ ತಿನ್ನುತ್ತದೆ. ಇಲ್ಲದಿದ್ದರೆ ಉಕ್ಕನ್ನೂ ತಿನ್ನುತ್ತದೆ, ನಾಳೆ ಉಗಿ ತುಂಬಿದಾಗ ಕೊಳವೆ ಸಿಡಿಯುತ್ತದೆ. ಹುಮನಾಬಾದಿನ ಈ ಕಾರ್ಖಾನೆಯವರನ್ನು ಈ ಮೆಹಂದಿ ಉಪಾಯಕ್ಕೆ ಒಪ್ಪಿಸಿದವಳು ಅವಳೇ. ನಿನ್ನೆಯೇ ಚಾಚಾ, "ಈ ಮೆಹಂದಿ ಕೆಲಸ ನನಗ ಬ್ಯಾಡ್ರಿ," ಎಂದಿದ್ದ. ಯಾಕೆಂದು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಕೈ ತೋರಸ್ರಿ!" ಎಂದು ಕೂಗಿದಳು. ವಾಲ್ವ್ ಮುಚ್ಚಲು ಓಡುವುದಕ್ಕೆ ಒಂದು ಕಾಲು ಆಗಲೇ ಮುಂದಿಟ್ಟಿದ್ದಳು.

ಚಾಚಾ ನಿಧಾನವಾಗಿ ಕೈ ಹೊರತೆಗೆದ. ಮಣಿಕಟ್ಟಿನವರೆಗೂ ಕೆಂಪು, ಮದುಮಗನ ಕೈಯಂತೆ.

"ಕೋಲಿಲೆ ಗಂಟು ಒಡೀಲಿಲ್ರಿ. ಆಸಿಡ್‌ಗ ಸುರಿಯೂ ಮೊದಲ ಮುಂಜಾನಿಂದ ಕೈಲೇ ಕಿವುಚೇನಿ. ಬಾಯ್ಲರ್‌ಗ ಏನೂ ಆಗಂಗಿಲ್ಲ," ಎಂದು ಕೈಗಳನ್ನು ಮತ್ತೆ ಕಿಸೆಗೆ ಸೇರಿಸಿದ. "ನಮ್ಮಾಕಿ ತೀರಿ ಇನ್ನಾ ನಲವತ್ತು ದಿನ ಆಗಿಲ್ರಿ ಮೇಡಂ. ಈ ಕೈ ತಗೊಂಡು ಮನ್ಯಾಗ ಮಕ್ಕಳ ಮುಂದ ಹ್ಯಾಂಗ ನಿಂದ್ರಲಿ?"